ಸ್ಟ್ರೋಕ್ ನಂತರದ ತಲೆಸುತ್ತಿಗೆ ಮನೆಯಲ್ಲೇ ವ್ಯಾಯಾಮ ಮಾಡಿಸಬಹುದೇ?

ನಿಮ್ಮ ತಂದೆಯವರಿಗೆ ಕಿರುಮೆದುಳಿನ (ದೇಹದ ಸಮತೋಲನ ನೋಡಿಕೊಳ್ಳುವ ಮೆದುಳಿನ ಭಾಗ) ಸ್ಟ್ರೋಕ್ ಆಗಿ ಎರಡು ತಿಂಗಳಾದರೂ ತಲೆಸುತ್ತು ಬಿಟ್ಟಿಲ್ಲ ಎಂದಿದ್ದೀರಿ. ವ್ಯಾಯಾಮದಿಂದ ಸಾಮಾನ್ಯವಾಗಿ ಸುಧಾರಿಸುತ್ತದೆ, ಆದರೆ ಕಿವಿಯ ತೊಂದರೆಯಿಂದ ಬರುವ ತಲೆಸುತ್ತಿನಷ್ಟು ಬೇಗ ಅಲ್ಲ. ಹೊಂದಿಕೊಳ್ಳಬೇಕಾದ ಮೆದುಳಿಗೇ ಪೆಟ್ಟಾಗಿರುವುದರಿಂದ ತಿಂಗಳುಗಟ್ಟಲೆ ಹಿಡಿಯಬಹುದು. ಡಾಕ್ಟರ ಒಪ್ಪಿಗೆ ಪಡೆದು, ಮೊದಲು ಫಿಸಿಯೋಥೆರಪಿಸ್ಟ್ ಎದುರಿಗೇ ಕಲಿಯಲಿ.

ಗೋಡೆಯ ಮೇಲೆ ಕಣ್ಣಿನ ಮಟ್ಟಕ್ಕೆ ‘ಅ’ ಬರೆದ ಚೀಟಿ ಅಂಟಿಸಿ, ಮೂರಡಿ ದೂರದಲ್ಲಿ ಕುರ್ಚಿ ಹಾಕಿ ಕೂರಿಸಿ. ನೋಟ ಅಕ್ಷರದಿಂದ ಕದಲಬಾರದು. ತಲೆ ಮಾತ್ರ ‘ಬೇಡ’ ಅನ್ನುವಾಗಿನಂತೆ ಸ್ವಲ್ಪ ಸ್ವಲ್ಪ ಆಡಲಿ. 30 ಸೆಕೆಂಡು, ದಿನಕ್ಕೆ ಮೂರು ಸಲ. ಅಕ್ಷರ ಮಸುಕಾದರೆ ವೇಗ ಹೆಚ್ಚಾಯಿತೆಂದೇ ಅರ್ಥ, ನಿಧಾನಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಮಾಡುವಾಗ ತುಸು ಸುತ್ತುವುದು ಸಹಜ. 20 ನಿಮಿಷದೊಳಗೆ ಇಳಿಯದಿದ್ದರೆ ಮರುದಿನ ಅರ್ಧಕ್ಕಿಳಿಸಿ.

ಇದು ಒಗ್ಗಿದ ಮೇಲೆ ಗೋಡೆಯ ಮೂಲೆಗೆ ಬೆನ್ನು ಕೊಟ್ಟು, ಮುಂದೊಂದು ಕುರ್ಚಿ ಇಟ್ಟುಕೊಂಡು ಪಾದ ಜೋಡಿಸಿ ನಿಲ್ಲಲಿ. ಆಮೇಲೆ ಮಡಚಿದ ಕೌದಿಯ ಮೇಲೆ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ನಡಿಗೆಗೆ ಬೆಳಗಿನ ಹೊತ್ತು ದಾವಣಗೆರೆಯ ಕುಂದುವಾಡ ಕೆರೆ ಏರಿ ಒಳ್ಳೆಯದು. ಸಂತೆಯ ಗದ್ದಲ ಈಗಲೇ ಬೇಡ.

ತಲೆಸುತ್ತಿನ ಮಾತ್ರೆ ತಿಂಗಳಾನುಗಟ್ಟಲೆ ನುಂಗಿದರೆ ಮೆದುಳು ಹೊಂದಿಕೊಳ್ಳುವುದು ತಡವಾಗಬಹುದು, ಡಾಕ್ಟರನ್ನು ಕೇಳಿ ಕಡಿಮೆ ಮಾಡಿಸಿ. ಹೊಸದಾಗಿ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ ವ್ಯಾಯಾಮ ಬಿಟ್ಟು ತಕ್ಷಣ 108ಕ್ಕೆ ಫೋನ್ ಮಾಡಿ.