ತಿಂಡಿ, ನಕ್ಷತ್ರ ಎಲ್ಲ ಬಿಟ್ಟು ಬರೀ ಪ್ರಾರ್ಥನೆ ಮಾಡಿದರೆ ಕ್ರಿಸ್ಮಸ್‌ನ ಆಧ್ಯಾತ್ಮಿಕ ಅರ್ಥ ಸಿಗುತ್ತದೆಯೇ?

ಇಲ್ಲ ಮಾರಾಯ್ರೆ. 2015ರಲ್ಲಿ ನಾನು ಇದನ್ನೇ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಮಂಗಳೂರಿನಲ್ಲೇ ನಮ್ಮ ಮನೆ. ಆ ಡಿಸೆಂಬರಿನಲ್ಲಿ ಒಂದು ರಿಟ್ರೀಟ್‌ಗೆ (ಪ್ರಾರ್ಥನಾ ಶಿಬಿರಕ್ಕೆ) ಹೋಗಿ ಬಂದಿದ್ದೆ, ಸ್ವಲ್ಪ ತಲೆಗೇರಿತ್ತು. ಅಮ್ಮ ಕರ್ಜಿಕಾಯಿಯಂಥ ನೆವ್ರಿಗೆ ಎಳ್ಳು ಹುರಿಯುತ್ತಿದ್ದರು. "ಯೇಸು ಹುಟ್ಟಿದ್ದು ಎಣ್ಣೆ ಬಾಣಲೆಯಲ್ಲಾ?" ಅಂತ ಕೇಳಿದೆ. ಅಮ್ಮ ಮಾತಾಡದೆ ಗ್ಯಾಸ್ ಆಫ್ ಮಾಡಿದರು. ಆ ವರ್ಷ ಕುಸ್ವಾರ್ ಅನ್ನುವ ಹಬ್ಬದ ತಿಂಡಿಗಳಿಲ್ಲ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಇಲ್ಲ, ನಕ್ಷತ್ರವೂ ಇಲ್ಲ.

ಡಿಸೆಂಬರ್ 25 ಶುಕ್ರವಾರ ಬೇರೆ ಬಂದಿತ್ತು. ಶುಕ್ರವಾರ ಮಾಂಸ ತಿನ್ನಬಾರದು ಎಂದು ಇಡ್ಲಿಯಂಥ ಸನ್ನದ ಜೊತೆಗಿನ ಮಾಂಸದ ಪದಾರ್ಥ ಬಫಾತನ್ನೂ ನಿಲ್ಲಿಸಿದೆ. ಗಲ್ಫ್‌ನಿಂದ ಬಂದ ಅಣ್ಣನ ಮಕ್ಕಳು ಸಾರು ಅನ್ನ ತಿಂದು ಎದ್ದರು. ಇದು ಭಕ್ತಿಯೂ ಅಲ್ಲ, ನಿಯಮವೂ ಅಲ್ಲ. ಕ್ರಿಸ್ಮಸ್‌ನಂಥ ಮಹೋತ್ಸವ ಶುಕ್ರವಾರ ಬಿದ್ದರೆ ಮಾಂಸ ಬಿಡಬೇಕಾಗಿಲ್ಲ ಎಂದು ಧರ್ಮಸಭೆಯ (ಕ್ಯಾಥೋಲಿಕ್ ಚರ್ಚಿನ) ಕಾನೂನೇ ಹೇಳುತ್ತದೆ. ಅಸಿಸಿಯ ಸಂತ ಫ್ರಾನ್ಸಿಸರನ್ನು ನೋಡಿ. ಬಡತನಕ್ಕೆ ಅವರಿಗಿಂತ ದೊಡ್ಡ ಹೆಸರು ಯಾರದ್ದು? ಅಂಥವರೇ ಶುಕ್ರವಾರದ ಕ್ರಿಸ್ಮಸ್‌ಗೆ ಗೋಡೆಗಳೂ ಮಾಂಸ ತಿನ್ನಬೇಕು, ತಿನ್ನಲಾಗದಿದ್ದರೆ ಗೋಡೆಗೆ ಸವರಿಯಾದರೂ ಬಿಡಿ ಎಂದಿದ್ದರಂತೆ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಹುಲ್ಲು, ಎತ್ತು, ಕತ್ತೆ ತರಿಸಿ ಕ್ರಿಸ್ಮಸ್ ಪೂಜೆ ಏರ್ಪಡಿಸಿದ್ದೂ ಅವರೇ. ನಾನು ಅವರಿಗಿಂತ ದೊಡ್ಡ ಸಂತನಾಗಲು ಹೊರಟಿದ್ದೆ!

26ಕ್ಕೆ ಪಕ್ಕದ ಶೆಟ್ರ ಮನೆಯ ಅಕ್ಕ ಗೇಟಿನ ಹತ್ತಿರ ಬಂದು ಅಮ್ಮನನ್ನು ಮೆಲ್ಲಗೆ ಕೇಳಿದರು: "ಬಾಯಮ್ಮ, ನಿಮ್ಮವರು ಯಾರಾದ್ರೂ ತೀರಿಕೊಂಡ್ರಾ?" ಪ್ರತಿ ವರ್ಷ ಹೋಗುತ್ತಿದ್ದ ಕುಸ್ವಾರ್ ತಟ್ಟೆ ಹೋಗಿರಲಿಲ್ಲ ನೋಡಿ. ಹಬ್ಬದ ಮನೆಯನ್ನು ಸಾವಿನ ಮನೆ ಮಾಡಿಟ್ಟಿದ್ದೆ.

ಆಧ್ಯಾತ್ಮಿಕ ಅಂದರೆ ದೇಹಕ್ಕೆ ಸಂಬಂಧವಿಲ್ಲದ್ದು ಅಂದುಕೊಂಡದ್ದೇ ನನ್ನ ತಪ್ಪು. ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ಕ್ರಿಸ್ಮಸ್‌ನಲ್ಲಿ ನಾವು ನಂಬುವುದು ಇದರ ಉಲ್ಟಾ ಅಲ್ವಾ? ದೇವರೇ ಮೈ ತೊಟ್ಟು, ಹಸಿವಾದರೆ ಅಳುವ ಕೂಸಾಗಿ, ದನ ಮೇವು ತಿನ್ನುವ ಗೋದಲಿಯಲ್ಲಿ ಮಲಗಿದರು. ಹುಟ್ಟಿದ ಊರು ಬೆತ್ಲೆಹೇಮ್. ಹೀಬ್ರೂವಿನಲ್ಲಿ 'ರೊಟ್ಟಿಯ ಮನೆ'. ಪೂಜೆಯಲ್ಲಿ ವಿಶ್ವಾಸ ಪ್ರಮಾಣ (ನಮ್ಮ ನಂಬಿಕೆಯ ಸಾರ) ಹೇಳುವಾಗ, ದೇವರು ಮನುಷ್ಯರಾದರು ಎನ್ನುವಲ್ಲಿ ಬೇರೆ ಭಾನುವಾರ ತಲೆ ಬಾಗಿಸುತ್ತೇವೆ, ಕ್ರಿಸ್ಮಸ್‌ಗೆ ಮೊಣಕಾಲೂರುತ್ತೇವೆ. ಅವತ್ತು ನಾನೂ ಊರಿದ್ದೆ. ತಲೆಗೆ ಮಾತ್ರ ಹೋಗಲಿಲ್ಲ.

ಉಪವಾಸ, ಮೌನ ಬೇಕಾದರೆ ಅದಕ್ಕೆ ಕ್ರಿಸ್ಮಸ್‌ಗೆ ಮೊದಲಿನ ಆಗಮನ ಕಾಲ ಇದೆ. ನಾಲ್ಕು ಭಾನುವಾರ, ನೇರಳೆ ಬಟ್ಟೆ. ಆಗ ಪಾಪನಿವೇದನೆ ಮಾಡಿ, ಟಿವಿ ಬಿಡಿ, ಏನು ಬೇಕಾದರೂ ಬಿಡಿ. 24ರ ರಾತ್ರಿಯ ನಂತರ ಬಿಡಬೇಡಿ. ಸಾಲ ಮಾಡಿ ಹೊಸ ಬಟ್ಟೆ, ಬಹುಮಾನಕ್ಕಾಗಿ ಗೋದಲಿ ಬೇಡ, ಅದು ಬೇರೆ ವಿಷಯ. ಆದರೆ ನೆರೆಮನೆಗೆ ಹೋಗುವ ತಟ್ಟೆ ಮಾತ್ರ ನಿಲ್ಲಿಸಬೇಡಿ.

ಮರುವರ್ಷ ನಾನೇ "ಕುಸ್ವಾರ್ ಮಾಡುವ, ಅಮ್ಮ" ಅಂದೆ. ಅಷ್ಟರಲ್ಲಿ ಅವರ ಕೈ ನಡುಗಲು ಶುರುವಾಗಿತ್ತು, ಕಿಡಿಯೊ ಎನ್ನುವ ತಿಂಡಿಗೆ ಹಿಟ್ಟು ಒತ್ತಲು ಫೋರ್ಕ್ ನಿಲ್ಲುತ್ತಿರಲಿಲ್ಲ. ಅವರು ಕುರ್ಚಿಯಲ್ಲಿ ಕೂತು ಹೇಳಿಕೊಟ್ಟರು, ನಾನು ಒತ್ತಿದೆ. ಅರ್ಧ ಎಣ್ಣೆಯಲ್ಲೇ ಬಿಚ್ಚಿಕೊಂಡವು. ಅದನ್ನೇ ತಟ್ಟೆಗೆ ಹಾಕಿ ಶೆಟ್ರ ಮನೆಗೆ ಕೊಟ್ಟು ಬಂದೆ.