ಅತ್ತೆಯವರ ಕಣ್ಣಿಗೆ ಇಲ್ಲದ ಮಕ್ಕಳು ಕಾಣುತ್ತಾರೆ

ಪ್ರಶ್ನೆ: ನಮ್ಮ ಅತ್ತೆಯವರಿಗೆ 78 ವರ್ಷ. ಅಕ್ಷಿಪಟಲದ ನಡುಭಾಗ ಸವೆದಿದೆ, ಕನ್ನಡಕದಿಂದ ಸರಿಹೋಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಎದುರಿಗೆ ನಿಂತವರ ಮುಖ ಗುರುತಿಸಲಾರರು, ಆದರೆ ಪಕ್ಕದಲ್ಲಿ ಬಿದ್ದ ಬೀಗದ ಕೈಯನ್ನು ಎತ್ತಿಕೊಡುತ್ತಾರೆ. ಕಾಣದಂತೆ ನಟಿಸುತ್ತಿದ್ದಾರೆಯೇ ಎಂದು ನಮಗೆ ಅನುಮಾನ. ಈಚೆಗೆ ಜಗಲಿಯ ಮೇಲೆ ಬಣ್ಣದ ಲಂಗ ತೊಟ್ಟ ಮಕ್ಕಳು ಕುಳಿತಿದ್ದಾರೆ ಎನ್ನುತ್ತಾರೆ. ಇದು ಅರಳುಮರುಳೇ?
– ಒಬ್ಬ ಸೊಸೆ, ತೀರ್ಥಹಳ್ಳಿ

ಉತ್ತರ: ಅವರು ನಟಿಸುತ್ತಿಲ್ಲ. ಈ ಕಾಯಿಲೆಯಲ್ಲಿ ನೋಟದ ನಡುಭಾಗ ಮಾಸಿದರೂ ಅಂಚಿನ ನೋಟ ಉಳಿದಿರುತ್ತದೆ. ಕಣ್ಣಿನಿಂದ ಬರುವ ಮಾಹಿತಿ ಕಡಿಮೆಯಾದಾಗ ಮೆದುಳು ತಾನೇ ಚಿತ್ರಗಳನ್ನು ಕಟ್ಟಿಕೊಳ್ಳುವುದುಂಟು. ಸ್ವಿಸ್ ವಿಜ್ಞಾನಿ ಚಾರ್ಲ್ಸ್ ಬೊನೆ 1760ರಲ್ಲಿ ತನ್ನ ಅಜ್ಜನ ಇಂಥದೇ ಅನುಭವವನ್ನು ದಾಖಲಿಸಿದ್ದರಿಂದ ಈ ಸ್ಥಿತಿಗೆ ಅವನ ಹೆಸರೇ ಬಂದಿದೆ. ಆ ಮಕ್ಕಳು ಮಾತನಾಡದೆ ಸುಮ್ಮನಿದ್ದು, ಅವರು ನಿಜವಲ್ಲವೆಂದು ಅತ್ತೆಯವರಿಗೂ ತಿಳಿದಿದ್ದರೆ, ಬಹುಮಟ್ಟಿಗೆ ಇದು ಅದೇ. ಅಂತ್ರ ಕಟ್ಟಿಸಲು ಓಡಾಡಬೇಡಿ. ವೈದ್ಯರಿಗೆ ಮಾತ್ರ ತಪ್ಪದೆ ತಿಳಿಸಿ, ಏಕೆಂದರೆ ಗೊಂದಲ, ಮರೆವು ಜೊತೆಗಿದ್ದರೆ ಕಾರಣ ಬೇರೆಯಿರಬಹುದು. ಹುಚ್ಚೆಂದಾರೆಂಬ ಭಯಕ್ಕೆ ಎಷ್ಟೋ ಹಿರಿಯರು ಇದನ್ನು ಬಾಯಿಬಿಡುವುದೇ ಇಲ್ಲ. ನಿಮ್ಮ ಅತ್ತೆಯವರು ಹೇಳಿಕೊಂಡದ್ದು ಒಳ್ಳೆಯದಾಯಿತು.

ಮನೆಯಲ್ಲಿ ಬಣ್ಣಗಳ ವ್ಯತ್ಯಾಸವೇ ದೊಡ್ಡ ನೆರವು. ಸ್ಟೀಲ್ ತಟ್ಟೆಯ ಬಿಳಿ ಅನ್ನ ಕಾಣದವರಿಗೆ ಬಾಳೆಯೆಲೆಯ ಮೇಲೆ ಅದು ಕಾಣುತ್ತದೆ. ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ ಅಂಟಿಸಿ, ಹತ್ತಿರ ಹೋದಾಗ ಮೊದಲು ನಿಮ್ಮ ಹೆಸರು ಹೇಳಿ, ಸಾಮಾನುಗಳ ಜಾಗ ಬದಲಿಸಬೇಡಿ.

ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳುಗಳನ್ನು ನೋಡಲು ವಾರಕ್ಕೊಮ್ಮೆ ಹೇಳಿ. ಅವು ಹೊಸದಾಗಿ ಡೊಂಕಾಗಿ ಕಂಡರೆ ರಕ್ತನಾಳಗಳ ಸೋರಿಕೆಯಿರಬಹುದು, ಅದಕ್ಕೆ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು ಇದೆ, ತಡಮಾಡದೆ ಕರೆದೊಯ್ಯಿರಿ.