ಎಂಟು ರೋಬೋ ಇಟ್ಟುಕೊಂಡು ಸ್ವಾರ್ಮ್ ಪ್ರಾಜೆಕ್ಟ್ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆಯಲ್ಲಿ ಕೊನೇ ವರ್ಷದ ಇಂಜಿನಿಯರಿಂಗ್ ಓದುವ ನಾಲ್ವರು, ಕೈಯಲ್ಲಿ 15,000 ರೂಪಾಯಿ, ವಿದೇಶದ ಲ್ಯಾಬ್‌ಗಳ ಥರ ಕಾಗ್ನಿಟಿವ್ ಸ್ವಾರ್ಮ್ ರೋಬೋಟಿಕ್ಸ್, ಅಂದರೆ ತಾವೇ ಯೋಚಿಸುವ ರೋಬೋಗಳ ಹಿಂಡು, ಮಾಡಬೇಕು. ಲ್ಯಾಪ್‌ಟಾಪ್‌ನಿಂದ ಎಂಟು ರೋಬೋಗಳಿಗೆ ವೈಫೈಯಲ್ಲಿ ಕಮಾಂಡ್ ಕಳಿಸಿದರೆ ಸಾಕಾ?

ಸಾಲದು. ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಎಂಟೂ ನಿಂತುಬಿಟ್ಟರೆ ಅವು ರಿಮೋಟ್ ಕಾರುಗಳಷ್ಟೇ. ಸ್ವಾರ್ಮ್‌ನಲ್ಲಿ ಪ್ರತಿ ರೋಬೋ ತನ್ನ ಅಕ್ಕಪಕ್ಕವನ್ನಷ್ಟೇ ನೋಡಿ ತಾನೇ ತೀರ್ಮಾನಿಸಬೇಕು. ಹಾರ್ವರ್ಡ್‌ನವರು 2014ರಲ್ಲಿ 1,024 ಕಿಲೋಬಾಟ್‌ಗಳಿಂದ ನಕ್ಷತ್ರದ ಆಕಾರ ಮೂಡಿಸಿದ್ದು ಹಾಗೆಯೇ. 33 ಮಿ.ಮೀ. ಅಗಲದ ಆ ರೋಬೋಗಳಿಗೆ ಚಕ್ರವೂ ಇಲ್ಲ, ಎರಡು ವೈಬ್ರೇಷನ್ ಮೋಟರ್ ಮೇಲೆ ಜರುಗುತ್ತವೆ.

ನಿಮಗೆ ನಾನು ಹೇಳೋದು ಬೀಕ್ಲಸ್ಟ್. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದವರು ಎಳೆ ಜೇನ್ನೊಣಗಳನ್ನು ನೋಡಿ ಮಾಡಿದ ಅಲ್ಗಾರಿದಮ್. ಆ ನೊಣಗಳಿಗೆ 36 ಡಿಗ್ರಿ ಸುತ್ತಮುತ್ತಲಿನ ಬಿಸಿ ಹಿತ. ಒಂಟಿ ನೊಣ ಎಷ್ಟೋ ಸಲ ಆ ಜಾಗ ಹುಡುಕಲಾರದು, ಗುಂಪು ಹುಡುಕುತ್ತದೆ. ರೋಬೋಗಳಿಗೆ ಬಿಸಿಯ ಬದಲು ಬೆಳಕು. ನಿಯಮ ಇಷ್ಟೇ: ನೇರ ಹೋಗು. ಗೋಡೆ ಸಿಕ್ಕರೆ ಯಾವ ಕಡೆಗಾದರೂ ತಿರುಗು. ಇನ್ನೊಂದು ರೋಬೋ ಸಿಕ್ಕರೆ ನಿಲ್ಲು, ಬೆಳಕು ಅಳೆ, ಬೆಳಕು ಹೆಚ್ಚಿದ್ದಷ್ಟೂ ಹೆಚ್ಚು ಹೊತ್ತು ಕಾಯಿ, ಆಮೇಲೆ ತಿರುಗಿ ಹೊರಡು. ಕತ್ತಲಲ್ಲಿ 1 ಸೆಕೆಂಡ್, ಬಲ್ಬ್ ಕೆಳಗೆ 60 ಸೆಕೆಂಡ್ ಇಟ್ಟು ಶುರು ಮಾಡಿ. ಯಾರೂ ಯಾರಿಗೂ ದಾರಿ ಹೇಳದೆಯೇ ಎಲ್ಲಾ ಬೆಳಕಿನ ಕೆಳಗೆ ಗುಂಪುಗೂಡುತ್ತವೆ. ನನಗೆ ಈ ವಿಷಯದಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ಒಂದು ರೋಬೋಗೆ: ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್), 6 ವೋಲ್ಟಿನ 100 ಆರ್‌ಪಿಎಂ ಎನ್20 ಗೇರ್ ಮೋಟರ್ 2, 34 ಮಿ.ಮೀ. ಚಕ್ರ 2, ಮೋಟರ್ ಓಡಿಸುವ ಟಿಬಿ6612 ಡ್ರೈವರ್, ಒಂದು 18650 ಸೆಲ್ (3.7 ವೋಲ್ಟಿನ ಲಿಥಿಯಂ ಬ್ಯಾಟರಿ), ಅದನ್ನು 5 ವೋಲ್ಟಿಗೆ ಏರಿಸುವ ಬೂಸ್ಟ್ ಮಾಡ್ಯೂಲ್, ಬೆಳಕು ಅಳೆಯುವ ಎಲ್‌ಡಿಆರ್, ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು) ಎಲ್‌ಇಡಿ, ಆ ಐಆರ್ ಹಿಡಿಯುವ 38 ಕಿಲೋಹರ್ಟ್ಸ್ ಟಿಎಸ್‌ಒಪಿ ರಿಸೀವರ್. ಎಲ್298 ಡ್ರೈವರ್ ಬೇಡವೇ ಬೇಡ. ಅದು ಸುಮಾರು 2 ವೋಲ್ಟ್ ತಾನೇ ನುಂಗುತ್ತೆ, 3.7ರಲ್ಲಿ ಮೋಟರ್‌ಗೆ ಏನು ಉಳಿಯುತ್ತೆ? ಮೋಟರ್‌ಗೆ ಡ್ರೈವರ್ ಮೂಲಕ ಸೆಲ್‌ನಿಂದಲೇ ಕೊಡಿ, ಬೂಸ್ಟ್ ಮಾಡ್ಯೂಲ್ ಇಎಸ್‌ಪಿ32 ಬೋರ್ಡಿಗೆ ಮಾತ್ರ. ಮೋಟರ್ ತಿರುಗಿದಾಗೆಲ್ಲ ಬೋರ್ಡ್ ರೀಸೆಟ್ ಆದರೆ ಸೆಲ್ ಪಕ್ಕ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಎಲ್‌ಡಿಆರ್ ಅನ್ನು 32ರಿಂದ 39ರೊಳಗಿನ ಪಿನ್‌ಗೇ ಕೊಡಿ, ಉಳಿದ ಅನಲಾಗ್ ಪಿನ್‌ಗಳು ವೈಫೈ ಆನ್ ಇದ್ದಾಗ ಓದುವುದಿಲ್ಲ.

ನಿಜವಾದ ತಲೆನೋವು ಗೋಡೆ ಯಾವುದು, ರೋಬೋ ಯಾವುದು ಅನ್ನೋದು. ಪ್ರತಿ ರೋಬೋ ಐಆರ್‌ನಲ್ಲಿ ತನ್ನ ನಂಬರ್ ಕಳಿಸುತ್ತಿರಲಿ. ತನ್ನದೇ ನಂಬರ್ ವಾಪಸ್ ಬಂದರೆ ಗೋಡೆ, ಬೇರೆ ನಂಬರ್ ಬಂದರೆ ರೋಬೋ, ಕಲಸುಮೇಲೋಗರ ಬಂದರೂ ರೋಬೋ ಅಂತಲೇ ತಿಳಿಯಿರಿ. ಎರಡು ಕಳಿಸುವಿಕೆ ನಡುವೆ 100–200 ಮಿಲಿಸೆಕೆಂಡ್ ಏರುಪೇರಾದ ಬಿಡುವು ಬೇಕು, ಇಲ್ಲವಾದರೆ ಎರಡು ರೋಬೋ ಒಂದೇ ತಾಳಕ್ಕೆ ಬಿದ್ದು ಯಾವತ್ತೂ ಪರಸ್ಪರ ಕೇಳಿಸಿಕೊಳ್ಳಲ್ಲ. ಟಿಎಸ್‌ಒಪಿ ಟಿವಿ ರಿಮೋಟ್‌ಗೆ ಮಾಡಿದ್ದು, ಕೋಣೆಯ ಆ ತುದಿಯದ್ದೂ ಅದಕ್ಕೆ ಕಾಣುತ್ತೆ. ಎಲ್‌ಇಡಿಯ ರೆಸಿಸ್ಟರ್ 4.7ಕೆ, 10ಕೆ ಅಂತ ಹೆಚ್ಚಿಸುತ್ತಾ ಹೋಗಿ, ಎದುರಿನ ರೋಬೋ ಸುಮಾರು 10 ಸೆಂ.ಮೀ.ನಲ್ಲಿ ಮಾತ್ರ ಕಾಣುವವರೆಗೆ. ಎಲ್‌ಇಡಿಗೆ ಕಪ್ಪು ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಹಾಕದಿದ್ದರೆ ಬೆಳಕು ಬದಿಯಿಂದ ಸೋರಿ, ಬಯಲಲ್ಲೂ ಗೋಡೆ ಇದೆ ಅನ್ನುತ್ತೆ. ರೋಬೋಗಳು ಓಡಾಡುವ ಅಂಕಣದ ಗೋಡೆಗೆ ಬಿಳಿ ಕಾಗದ ಅಂಟಿಸಿ, ಕಪ್ಪು ಗೋಡೆ ಐಆರ್ ಹೀರುತ್ತೆ.

ಅಂಕಣ 1.5 ಮೀಟರ್ ಚೌಕ ಇರಲಿ. ಇನ್ನೂ ದೊಡ್ಡದಾದರೆ ಎಂಟು ರೋಬೋ ಒಂದಕ್ಕೊಂದು ಸಿಗುವುದೇ ಅಪರೂಪ, ಸಿಗದಿದ್ದರೆ ಗುಂಪೂ ಇಲ್ಲ. ಟೈಲ್ಸ್ ಸಂದಿಗೆ ಚಕ್ರ ಸಿಕ್ಕಿಕೊಳ್ಳುತ್ತೆ. ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಹಳೇ ಬ್ಯಾನರ್ ಕೇಳಿ, ತಿರುಗಿಸಿ ಹಾಸಿ. ಮೇಲಿನ ಬಲ್ಬ್ ಎಲ್‌ಇಡಿಯದ್ದೇ ಆಗಬೇಕು: ಹಳೇ ಬುರುಡೆ ಬಲ್ಬಿನಲ್ಲಿ ಐಆರ್ ತುಂಬಿರುತ್ತೆ, ರಿಸೀವರ್ ಕುರುಡಾಗುತ್ತೆ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಕಿಟಕಿಯಿಂದ ಬಿದ್ದರೂ ಅದೇ ಕಥೆ, ಪರದೆ ಎಳೆಯಿರಿ.

ಲ್ಯಾಪ್‌ಟಾಪ್ ಬರೀ ದಾಖಲೆಗೆ: ಇಎಸ್‌ಪಿ-ನೌ (ಇಎಸ್‌ಪಿ32 ಬೋರ್ಡುಗಳು ರೂಟರ್ ಇಲ್ಲದೆ ಒಂದಕ್ಕೊಂದು ನೇರ ಸಂದೇಶ ಕಳಿಸುವ ವಿಧಾನ) ಬಳಸಿ, ಒಂದು ಸಂದೇಶದಲ್ಲಿ 250 ಬೈಟ್ ಆದರೂ ಹಿಡಿಸುತ್ತೆ, ಅಷ್ಟು ಧಾರಾಳ. 2, 4, 6, 8 ರೋಬೋಗಳಿಂದ ತಲಾ 10 ಸಲ ಓಡಿಸಿ, 15 ನಿಮಿಷದ ಕೊನೆಗೆ ಬೆಳಕಿನ ಕೆಳಗೆ ಎಷ್ಟಿವೆ ಎಣಿಸಿ. ಮಧ್ಯೆ ಕರೆಂಟ್ ಹೋದ ಓಟ ಲೆಕ್ಕಕ್ಕಿಲ್ಲ. ಕಾಗ್ನಿಟಿವ್ ಅನ್ನೋ ಭಾಗವನ್ನು ಈ ವರ್ಷ ಮುಟ್ಟಬೇಡಿ. ರೋಬೋ ನೆನಪಿಟ್ಟು, ಮುಂದೇನಾಗಬಹುದು ಅಂತ ಊಹಿಸಿ ಕಲಿಯೋ ಕೆಲಸ ಅದು, ಬೇರೆಯದೇ ಪ್ರಾಜೆಕ್ಟ್.

ಮೊದಲು ಎರಡೇ ಕಟ್ಟಿ. ಅವೆರಡು ಒಂದನ್ನೊಂದು 20ಕ್ಕೆ 19 ಸಲ ಗುರುತಿಸೋವರೆಗೆ ಉಳಿದ ಆರಕ್ಕೆ ಸಾಮಾನು ತರಿಸಬೇಡಿ.